ರತ್ನಪರೀಕ್ಷೆ ಮತ್ತು ಪ್ರತಿರೂಪಕ ವ್ಯವಹಾರ: ಒಂದು ವಿಮರ್ಶೆ

ಅಚೌರ್ಯಾಣುವ್ರತಕ್ಕೆ ಆಚಾರ್ಯರು ಐದು ಅತಿಚಾರಗಳನ್ನು ಹೇಳಿದ್ದಾರೆ. ಕಳವಿಗೆ ಪ್ರೇರಣೆ ಕೊಡುವುದು, ಕದ್ದ ವಸ್ತುವನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು – ಈ ನಾಲ್ಕು ಯಾರಿಗೂ ವಿವರಿಸಿ ಹೇಳಬೇಕಾದವುಗಳಲ್ಲ. ಐದನೆಯದಾದ ಪ್ರತಿರೂಪಕ ವ್ಯವಹಾರ ಮಾತ್ರ ಕಾಲಕಾಲಕ್ಕೆ ವೇಷವನ್ನು ಬದಲಿಸುತ್ತದೆ. ಒಂದು ಕಾಲದಲ್ಲಿ ಅದು ಹಿತ್ತಾಳೆಯನ್ನು ಚಿನ್ನವೆಂದು ಮಾರುವುದಾಗಿತ್ತು. ಇಂದು ಚಿನ್ನದ ವಿಷಯದಲ್ಲಿ ಆ ಮೋಸ ಬಹುಮಟ್ಟಿಗೆ ಕಷ್ಟವಾಗಿದೆ. ಆದರೆ ಅದೇ ಚಿನ್ನದಲ್ಲಿ ಕೂರಿಸಿದ ಕಲ್ಲಿನ ವಿಷಯದಲ್ಲಿ ಅದು ಹೊಸ ರೂಪವನ್ನು ತಾಳಿದೆ.

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಮನೆಗಳಲ್ಲಿ ಮದುವೆ ನಿಶ್ಚಯವಾಯಿತೆಂದರೆ ಅಡಿಕೆ ಮಾರಿದ ಹಣದ ದೊಡ್ಡ ಪಾಲು ಆಭರಣದಂಗಡಿಗೆ ಹೋಗುವುದು ರೂಢಿ. ಕೆಂಪುಕಲ್ಲಿನ ಬೆಂಡೋಲೆ, ಪಚ್ಚೆ ಕೂರಿಸಿದ ಪದಕ, ಜಾತಕ ನೋಡಿದವರು ಸೂಚಿಸಿದ ಹವಳದ ಅಥವಾ ಪುಷ್ಯರಾಗದ ಉಂಗುರ – ಇವು ಪಟ್ಟಿಯಲ್ಲಿ ಇದ್ದೇ ಇರುತ್ತವೆ. ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳು ಎರಡು: ಚಿನ್ನಕ್ಕೆ ಹಾಲ್‌ಮಾರ್ಕ್ ಇದೆಯೇ? ಕಲ್ಲು ಒರಿಜಿನಲ್ಲೇ? ಎರಡಕ್ಕೂ ‘ಹೌದು’ ಎಂಬ ಉತ್ತರ ಬರುತ್ತದೆ. ಅನೇಕ ವೇಳೆ ಎರಡು ಉತ್ತರಗಳೂ ಅಕ್ಷರಶಃ ನಿಜವೇ ಆಗಿರುತ್ತವೆ. ಆದರೂ ತಾನು ಏನನ್ನು ಕೊಂಡೆನೆಂಬುದು ಕೊಂಡವನಿಗೆ ತಿಳಿದಿರುವುದಿಲ್ಲ. ನಿಜವಾದ ಮಾತಿನಿಂದಲೇ ವಂಚನೆ ನಡೆಯಬಹುದಾದ ಈ ಸ್ಥಿತಿಯೇ ಇಲ್ಲಿಯ ವಿಮರ್ಶೆಯ ವಿಷಯವಾಗಿದೆ.

‘ಒರಿಜಿನಲ್’ ಎಂಬ ಶಬ್ದ

ಮೊದಲು ಶಬ್ದಗಳನ್ನು ಶುದ್ಧಿ ಮಾಡಿಕೊಳ್ಳಬೇಕು. ಪೇಟೆಯಲ್ಲಿ ದೊರೆಯುವ ಕಲ್ಲುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಭೂಮಿಯಲ್ಲಿ ಹುಟ್ಟಿ, ಕಡಿದು ಹೊಳಪು ಕೊಟ್ಟದ್ದರ ಹೊರತು ಬೇರಾವ ಕ್ರಿಯೆಗೂ ಒಳಗಾಗದ ಕಲ್ಲು ಮೊದಲನೆಯದು. ಭೂಮಿಯಲ್ಲಿಯೇ ಹುಟ್ಟಿದ್ದರೂ ಬಣ್ಣವನ್ನೋ ಸ್ವಚ್ಛತೆಯನ್ನೋ ಹೆಚ್ಚಿಸಲು ಕಾಸಿದ, ತುಂಬಿದ, ಬಣ್ಣ ಹಾಕಿದ ಕಲ್ಲು ಎರಡನೆಯದು. ವ್ಯಾಪಾರದಲ್ಲಿ ಈ ಕ್ರಿಯೆಗೆ ಟ್ರೀಟ್‌ಮೆಂಟ್ ಎನ್ನುತ್ತಾರೆ, ಇಲ್ಲಿ ಅದನ್ನು ಸಂಸ್ಕಾರವೆಂದು ಕರೆಯಲಾಗಿದೆ. ಕಾರ್ಖಾನೆಯಲ್ಲಿ ಬೆಳೆಸಿದ, ಆದರೆ ದ್ರವ್ಯದಲ್ಲಿ ಸಹಜ ರತ್ನಕ್ಕೆ ಸಮನಾದ ಕಲ್ಲು ಮೂರನೆಯದು. ಬರಿಯ ಗಾಜು ಮೊದಲಾದ ನಕಲಿ ವಸ್ತು ನಾಲ್ಕನೆಯದು.

‘ಒರಿಜಿನಲ್’ ಎಂಬ ಒಂದೇ ಮಾತು ಮೊದಲ ಎರಡು ಬಗೆಗಳನ್ನೂ ಮುಚ್ಚಿಕೊಳ್ಳುತ್ತದೆ. ಆದರೆ ಆ ಎರಡರ ಬೆಲೆಯ ಅಂತರ ಕೆಲವೊಮ್ಮೆ ಮಾಣಿಕ್ಯಕ್ಕೂ ಗಾಜಿಗೂ ಇರುವಷ್ಟು ದೊಡ್ಡದು. ಇದೇ ತಾಲೂಕುಗಳ ಕೃಷಿಕನು ಅಡಿಕೆಯನ್ನು ಮಂಡಿಗೆ ಒಯ್ದಾಗ ‘ಒಳ್ಳೆಯ ಅಡಿಕೆ’ ಎಂಬ ಮಾತಿಗೆ ತಲೆಯಾಡಿಸುವುದಿಲ್ಲ. ಹಳತು, ಹೊಸತು, ಪಟೋರ, ಉಳ್ಳಿಗಡ್ಡೆ, ಕರಿಗೋಟು, ಕೋಕ ಎಂದು ಬೇರೆ ಬೇರೆ ಮಾಡಿ, ಒಂದೊಂದಕ್ಕೂ ದರವನ್ನು ಕೇಳುತ್ತಾನೆ. ರಬ್ಬರಿನ ಹಾಳೆಗೂ ದರ್ಜೆಯನ್ನು ನೋಡಿಯೇ ದರ ಕಟ್ಟುತ್ತಾರೆ. ಎಲ್ಲವೂ ಅಡಿಕೆಯೇ, ಎಲ್ಲವೂ ‘ಒರಿಜಿನಲ್ಲೇ’; ಆದರೂ ಕೋಕಕ್ಕೆ ಹಳತಿನ ದರವನ್ನು ಯಾರೂ ಕೊಡರು. ಮಾರುವಾಗ ಇಷ್ಟು ವಿವೇಕವುಳ್ಳ ಸಮಾಜವು ಕಲ್ಲನ್ನು ಕೊಳ್ಳುವಾಗ ಒಂದೇ ಶಬ್ದಕ್ಕೆ ತೃಪ್ತಿಪಡುವುದು ವಿಚಾರ ಮಾಡಬೇಕಾದ ಸಂಗತಿ.

‘ಅಜ್ಜಿಯ ಕಾಲದ ಒಡವೆ, ಆದುದರಿಂದ ಕಲ್ಲು ಸಹಜವೇ ಸರಿ’ ಎಂಬ ನಂಬಿಕೆಯೂ ನಿಲ್ಲುವಂಥದಲ್ಲ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಒಗೂಸ್ತ್ ವರ್ನ್ಯೂಯ್ ಎಂಬವನು ಜ್ವಾಲೆಯಲ್ಲಿ ಪುಡಿಯನ್ನು ಕರಗಿಸಿ ಮಾಣಿಕ್ಯವನ್ನು ಬೆಳೆಸುವ ಕ್ರಮವನ್ನು ೧೯೦೨ರಲ್ಲಿಯೇ ಪ್ರಕಟಿಸಿದ್ದನು. ಆ ಬಗೆಯ ಕೆಂಪುಕಲ್ಲು ಅನಂತರದ ದಶಕಗಳಲ್ಲಿ ಜಗತ್ತಿನ ಎಲ್ಲ ಪೇಟೆಗಳಿಗೂ ಹರಡಿತು. ಹಳೆಯ ಬೆಂಡೋಲೆಯ ಕೆಂಪು ಅಂಥದೇ ಆಗಿರುವ ಸಾಧ್ಯತೆ ಇದೆ. ಸೂಕ್ಷ್ಮದರ್ಶಕದಲ್ಲಿ ಅದರ ಬೆಳವಣಿಗೆಯ ಗೆರೆಗಳು ಬಾಗಿ ಕಾಣುತ್ತವೆ. ಸಹಜ ಮಾಣಿಕ್ಯದಲ್ಲಿ ಅವು ನೇರವಾಗಿ, ಕೋನಗಳಿಂದ ಕೂಡಿರುತ್ತವೆ.

ಸಂಸ್ಕಾರಗಳಲ್ಲಿ ತಾರತಮ್ಯ

ಎಲ್ಲ ಸಂಸ್ಕಾರವೂ ದೋಷವಲ್ಲ. ಇದನ್ನು ತಿಳಿಯದೆ ‘ಟ್ರೀಟ್‌ಮೆಂಟ್ ಆದ ಕಲ್ಲೆಲ್ಲ ಮೋಸ’ ಎನ್ನುವುದು ಇನ್ನೊಂದು ಅತಿರೇಕವಾದೀತು. ಮಾಣಿಕ್ಯ ಮತ್ತು ನೀಲ ಎರಡೂ ಒಂದೇ ಖನಿಜ, ಅಲ್ಯೂಮಿನಿಯಮಿನ ಆಕ್ಸೈಡು. ಅದರಲ್ಲಿ ಅತ್ಯಲ್ಪ ಕ್ರೋಮಿಯಂ ಸೇರಿದರೆ ಕೆಂಪು. ಕಬ್ಬಿಣ, ಟೈಟಾನಿಯಂ ಸೇರಿದರೆ ನೀಲಿ. ಇಂಥ ಕಲ್ಲನ್ನು ಹೆಚ್ಚಿನ ಉಷ್ಣದಲ್ಲಿ ಕಾಸಿದರೆ ಒಳಗಿನ ರೇಷ್ಮೆಯೆಳೆಯಂಥ ಸೂಕ್ಷ್ಮ ಸೂಜಿಗಳು ಕರಗಿ ಬಣ್ಣ ತಿಳಿಯಾಗುತ್ತದೆ. ಇದು ಹೊಸ ವಿದ್ಯೆಯಲ್ಲ. ಹನ್ನೊಂದನೆಯ ಶತಮಾನದ ವಿದ್ವಾಂಸ ಅಲ್ ಬೀರೂನಿಯೇ ಮಾಣಿಕ್ಯವನ್ನು ಕಾಸುವ ಕ್ರಮವನ್ನು ವರ್ಣಿಸಿದ್ದಾನೆ. ಊದುಗೊಳವೆಯಿಂದ ಇದ್ದಿಲ ಬೆಂಕಿಯನ್ನು ಊದಿ ಕಲ್ಲು ಕಾಸುವ ಪದ್ಧತಿ ಸಿಂಹಳದಲ್ಲಿ ಬಹುಕಾಲದಿಂದ ಇದೆ. ೧೯೭೦ರ ದಶಕದಲ್ಲಿ ಥಾಯ್ಲೆಂಡಿನ ವ್ಯಾಪಾರಿಗಳು, ಸಿಂಹಳದಲ್ಲಿ ಬೆಲೆಯಿಲ್ಲದೆ ಬಿದ್ದಿದ್ದ ‘ಗೇವುಡ’ ಎಂಬ ಹಾಲುಬಣ್ಣದ ಕಲ್ಲುಗಳನ್ನು ಕುಲುಮೆಯಲ್ಲಿ ಕಾಸಿ ಸುಂದರ ನೀಲಗಳನ್ನಾಗಿ ಮಾಡಿದರು. ಕಾಸಿದ ಬಣ್ಣ ಸ್ಥಿರವಾದುದು. ಧರಿಸಿದರೆ, ತೊಳೆದರೆ ಹೋಗುವುದಿಲ್ಲ. ಇಂದು ಪೇಟೆಯಲ್ಲಿರುವ ಮಾಣಿಕ್ಯ, ನೀಲಗಳಲ್ಲಿ ಹೆಚ್ಚಿನವು ಕಾಸಿದವೇ. ಕಾಸದೆಯೇ ಚೆಲುವಾದ ಕಲ್ಲು ವಿರಳವಾದುದರಿಂದ ಅದಕ್ಕೆ ಹೆಚ್ಚು ಬೆಲೆ. ಕಾಸಿದ್ದಕ್ಕೆ ಅದಕ್ಕಿಂತ ಕಡಿಮೆ. ಹೇಳಿ ಮಾರಿದರೆ ಇದರಲ್ಲಿ ತಪ್ಪಿಲ್ಲ.

ಎರಡನೆಯ ಮೆಟ್ಟಿಲಿನದು ಬೆರಿಲಿಯಂ ಎಂಬ ಧಾತುವನ್ನು ಅತ್ಯುಷ್ಣದಲ್ಲಿ ಕಲ್ಲಿನೊಳಗೆ ಇಳಿಸುವ ಸಂಸ್ಕಾರ. ೨೦೦೧–೦೨ರ ಸುಮಾರಿಗೆ ಥಾಯ್ಲೆಂಡಿನಿಂದ ಬಂದ ಕಿತ್ತಳೆ-ಗುಲಾಬಿ ಬಣ್ಣದ ಕಲ್ಲುಗಳನ್ನು ಕಂಡು ಪರೀಕ್ಷಾಲಯಗಳೇ ಮೊದಲಿಗೆ ವಿಸ್ಮಯಗೊಂಡವು. ಇದರಿಂದ ಹೊಂಬಣ್ಣದ ಪುಷ್ಯರಾಗವೂ ತಯಾರಾಗುತ್ತದೆ. ಇಲ್ಲಿ ಬಣ್ಣವು ಕಲ್ಲಿನ ಸ್ವಂತದ್ದಲ್ಲ, ಹೊರಗಿನಿಂದ ಬಂದದ್ದು. ಕಣ್ಣಿಗಾಗಲಿ ಸಾಮಾನ್ಯ ಉಪಕರಣಕ್ಕಾಗಲಿ ಇದು ಪತ್ತೆಯಾಗುವುದು ದುಸ್ಸಾಧ್ಯ. ಕೆಲವೊಮ್ಮೆ ದೊಡ್ಡ ಪರೀಕ್ಷಾಲಯದ ರಾಸಾಯನಿಕ ವಿಶ್ಲೇಷಣೆಯೇ ಬೇಕಾಗುತ್ತದೆ. ಗುರುಬಲಕ್ಕೆಂದು ಪುಷ್ಯರಾಗವನ್ನು ಕೊಳ್ಳುವವರು ಇದನ್ನು ಅರಿತಿರಬೇಕು.

ಮೂರನೆಯದು, ಎಲ್ಲಕ್ಕಿಂತ ಎಚ್ಚರ ಬೇಕಾದದ್ದು, ಸೀಸದ ಗಾಜನ್ನು ತುಂಬಿದ ಮಾಣಿಕ್ಯ. ೨೦೦೪ರಲ್ಲಿ ಜಪಾನಿನ ಪರೀಕ್ಷಾಲಯವೊಂದು ಇದನ್ನು ಮೊದಲು ವರದಿ ಮಾಡಿತು. ಆಭರಣಕ್ಕೆ ಬಾರದ, ಮೈಯೆಲ್ಲ ಸೀಳಿದ ಅಗ್ಗದ ಕುರುಂದದ ತುಂಡುಗಳ ಬಿರುಕಿಗೆ ಸೀಸ ಬೆರೆತ ಗಾಜನ್ನು ಕರಗಿಸಿ ತುಂಬುತ್ತಾರೆ. ಈ ಗಾಜು ಬೆಳಕನ್ನು ಬಾಗಿಸುವ ಪ್ರಮಾಣ ಮಾಣಿಕ್ಯದ ಪ್ರಮಾಣಕ್ಕೆ ಬಹು ಸಮೀಪವಾದುದರಿಂದ ಬಿರುಕು ಮಾಯವಾಗಿ ಕಲ್ಲು ತಿಳಿಗೆಂಪಾಗಿ ಹೊಳೆಯುತ್ತದೆ. ಕೆಲವು ಕಲ್ಲುಗಳಲ್ಲಿ ಗಾಜಿನ ಪಾಲು ಎಷ್ಟಿರುತ್ತದೆಂದರೆ ಪರೀಕ್ಷಾಲಯಗಳು ಅದನ್ನು ಮಾಣಿಕ್ಯವೆನ್ನದೆ ಮಾಣಿಕ್ಯ-ಗಾಜುಗಳ ಮಿಶ್ರಣವೆಂದೇ ಬರೆಯುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರದಲ್ಲಿ ತಿರುಗಿಸಿ ನೋಡಿದರೆ ಒಳಗೆ ಗಾಳಿಗುಳ್ಳೆಗಳೂ ನೀಲಿ ಮಿಂಚೂ ಕಾಣುವುದುಂಟು.

ಇದರ ಬಾಳಿಕೆಯೂ ಅಷ್ಟೇ. ಅಕ್ಕಸಾಲಿಗನ ಬೆಸುಗೆಯ ಜ್ವಾಲೆ ತಗಲಿದರೆ ಗಾಜು ಕೆಡುತ್ತದೆ. ಒಡವೆಯನ್ನು ಬೆಳಗಿಸುವ ಆಮ್ಲದಲ್ಲಿ ಅದ್ದಿದರೆ ಗಾಜು ತಿಂದುಹೋಗಿ ಬಿರುಕುಗಳು ಬಿಳಿಯ ಗೆರೆಗಳಾಗಿ ಮೇಲೇಳುತ್ತವೆ. ನಿಂಬೆರಸವೂ ಸಾಕು. ಹಬ್ಬದ ಹಿಂದಿನ ದಿನ ಒಡವೆಗಳನ್ನು ನಿಂಬೆಹಣ್ಣು, ಹುಣಸೆಹುಳಿಗಳಿಂದ ತಿಕ್ಕುವ ಮನೆಗಳಲ್ಲಿ ಇಂಥ ಕಲ್ಲು ಎಷ್ಟು ದಿನ ಬಾಳೀತು ಎಂಬುದನ್ನು ಊಹಿಸಬಹುದು. ಆಗ ತಪ್ಪು ತೊಳೆದವಳ ಮೇಲೆಯೋ ರಿಪೇರಿ ಮಾಡಿದ ಅಕ್ಕಸಾಲಿಗನ ಮೇಲೆಯೋ ಬೀಳುತ್ತದೆ. ಮಾರಿದವನ ಮೌನ ಮಾತ್ರ ಯಾರ ನೆನಪಿಗೂ ಬರುವುದಿಲ್ಲ.

ಪಚ್ಚೆಯ ಕಥೆ ಬೇರೆ. ಪಚ್ಚೆಯಲ್ಲಿ ಬಿರುಕಿರುವುದು ಸ್ವಭಾವ. ಆ ಬಿರುಕಿಗೆ ಬಣ್ಣವಿಲ್ಲದ ಎಣ್ಣೆಯನ್ನು ಇಳಿಸುವುದು ಹಳೆಯ ಪದ್ಧತಿ, ವ್ಯಾಪಾರದಲ್ಲಿ ಒಪ್ಪಿತವಾದದ್ದು. ಆದರೆ ಕೃತಕ ಅಂಟನ್ನು ತುಂಬುವುದೂ, ಜೈಪುರದ ಪೇಟೆಯಲ್ಲಿ ‘ಜೋಬನ್’ ಎನ್ನುವ ಹಸಿರುಬಣ್ಣದ ಎಣ್ಣೆಯನ್ನು ಕುಡಿಸುವುದೂ ಬೇರೆಯೇ ಮಾತು. ಅಲ್ಲಿ ಹಸಿರು ಕಲ್ಲಿನದಲ್ಲ, ಎಣ್ಣೆಯದು. ಎಣ್ಣೆ ಆರಿದಂತೆ ಬಣ್ಣವೂ ಸೊರಗುತ್ತದೆ. ಒಳ್ಳೆಯ ಪರೀಕ್ಷಾಪತ್ರವು ಎಣ್ಣೆ ಇಲ್ಲ, ಅಲ್ಪ, ಮಧ್ಯಮ, ಅಧಿಕ ಎಂದು ಪ್ರಮಾಣವನ್ನೂ ತಿಳಿಸುತ್ತದೆ. ಹವಳದಲ್ಲಿ ಬಿಳಿಯದಕ್ಕೆ ಬಣ್ಣ ಹಾಕಿ ಕೆಂಪಾಗಿಸುವುದುಂಟು. ವಜ್ರದಲ್ಲಿಯೂ ಲೇಸರ್ ಕಿರಣದಿಂದ ರಂಧ್ರ ಕೊರೆದು ಕಪ್ಪು ಚುಕ್ಕೆಯನ್ನು ತೆಗೆಯುವುದು, ಬಿರುಕಿಗೆ ಗಾಜನ್ನು ತುಂಬುವುದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಿಂದ ನಡೆದಿದೆ.

ಫೇರುವಿನ ಗ್ರಂಥ ಎಲ್ಲಿ ನಿಲ್ಲುತ್ತದೆ, ಎಲ್ಲಿ ಸಾಲದಾಗುತ್ತದೆ

ರತ್ನಪರೀಕ್ಷೆ ಭಾರತೀಯರಿಗೆ ಹೊಸತಲ್ಲ. ಬುದ್ಧಭಟ್ಟನ ‘ರತ್ನಪರೀಕ್ಷಾ’, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಮೊದಲಾದವು ಈ ಶಾಸ್ತ್ರವನ್ನು ಬೆಳೆಸಿವೆ. ಆದರೆ ಜೈನ ವಣಿಕರಿಗೆ ಹೆಚ್ಚು ಹತ್ತಿರದವನು ಠಕ್ಕುರ ಫೇರು. ಶ್ರೀಮಾಲ ಕುಲದ ಈ ಶ್ರಾವಕನು ದೆಹಲಿಯಲ್ಲಿ ಅಲ್ಲಾವುದ್ದೀನ್ ಖಿಲ್ಜಿಯ ಆಡಳಿತದಲ್ಲಿ ಅಧಿಕಾರಿಯಾಗಿದ್ದು, ಕ್ರಿ.ಶ. ೧೩೧೫ರಲ್ಲಿ ಪ್ರಾಕೃತದಲ್ಲಿ ‘ರಯಣಪರಿಕ್ಖಾ’ ಎಂಬ ಗ್ರಂಥವನ್ನು ರಚಿಸಿದನು. ೧೩೧೮ರಲ್ಲಿ ನಾಣ್ಯಗಳ ಪರೀಕ್ಷೆಯನ್ನು ಕುರಿತು ‘ದ್ರವ್ಯಪರೀಕ್ಷಾ’ ಬರೆದನು. ಈತನ ಗ್ರಂಥಗಳ ಹಸ್ತಪ್ರತಿಯನ್ನು ೧೯೪೬ರಲ್ಲಿ ಕಲ್ಕತ್ತೆಯಲ್ಲಿ ಅಗರಚಂದ್ ನಾಹಟಾ ಮತ್ತು ಭಂವರಲಾಲ್ ನಾಹಟಾ ಅವರು ಬೆಳಕಿಗೆ ತಂದರು. ೧೯೬೧ರಲ್ಲಿ ಮುನಿ ಜಿನವಿಜಯರು ಅವನ್ನು ಅಚ್ಚಿಗೆ ತಂದರು. ರತ್ನಗ್ರಂಥದ ಆಂಗ್ಲ ಅನುವಾದ ೧೯೮೪ರಲ್ಲಿ ಶ್ರೀರಾಮುಲ ರಾಜೇಶ್ವರ ಶರ್ಮರಿಂದ ಬಂದಿದೆ.

ಫೇರುವಿನ ಹಿರಿಮೆ ಎರಡು ವಿಷಯಗಳಲ್ಲಿದೆ. ಮೊದಲನೆಯದಾಗಿ, ಆತ ಪೂರ್ವಶಾಸ್ತ್ರವನ್ನು ಓದಿ ಅಲ್ಲಿಗೇ ನಿಲ್ಲಲಿಲ್ಲ. ಸುಲ್ತಾನನ ಭಂಡಾರದ ರತ್ನಗಳನ್ನು ಕಣ್ಣಾರೆ ಕಂಡು ಬರೆದನು. ಹಳೆಯ ಪಟ್ಟಿಗೆ ಪಾರಸಿಕ ದೇಶದ ವ್ಯಾಪಾರದಿಂದ ಬಂದ ಲಾಲ, ಅಕೀಕ, ಪಿರೋಜಾ ಎಂಬ ಕಲ್ಲುಗಳನ್ನು ಸೇರಿಸಿದನು. ಪೇಟೆಗೆ ಹೊಸ ವಸ್ತು ಬಂದಾಗ ಶಾಸ್ತ್ರವೂ ಅದನ್ನು ಅರಿಯಬೇಕೆಂಬ ನಿಲುವು ಅದರಲ್ಲಿದೆ. ಎರಡನೆಯದಾಗಿ, ತೂಕವನ್ನನುಸರಿಸಿ ತನ್ನ ಕಾಲದ ಬೆಲೆಗಳನ್ನು ಕೋಷ್ಟಕವಾಗಿಯೇ ಕೊಟ್ಟನು. ಬೆಲೆಯನ್ನು ಗುಟ್ಟಾಗಿಡದೆ ಬರೆದಿಟ್ಟ ವಣಿಕನೀತ.

ಗ್ರಂಥದ ಮಿತಿಯೂ ಸ್ಪಷ್ಟವಾಗಿದೆ. ಅಲ್ಲಿಯ ಪರೀಕ್ಷೆ ಮುಖ್ಯವಾಗಿ ನುರಿತ ಕಣ್ಣಿನ ಪರೀಕ್ಷೆ. ಬಣ್ಣ, ಕಾಂತಿ, ಆಕಾರ, ದೋಷಗಳನ್ನು ನೋಡಿ ನಿರ್ಣಯಿಸುವ ಈ ಕ್ರಮವು ಬಿರುಕನ್ನು ಕಾಣಬಲ್ಲದು. ಬಿರುಕನ್ನು ಮುಚ್ಚಿದ ಗಾಜನ್ನು ಕಾಣಲಾರದು. ಬೆರಿಲಿಯಂ ಇಳಿದುದನ್ನಂತೂ ಯಾವ ಕಣ್ಣೂ ಕಾಣದು. ‘ನಲವತ್ತು ವರ್ಷದ ಅನುಭವ, ನೋಡಿದೊಡನೆ ಹೇಳುತ್ತೇನೆ’ ಎನ್ನುವ ಮಾತು ಫೇರುವಿನ ಕಾಲಕ್ಕೆ ಸಲ್ಲುತ್ತಿತ್ತು, ಈ ಕಾಲಕ್ಕೆ ಸಲ್ಲದು.

ಇನ್ನೊಂದು ಮಿತಿ ಇಡೀ ಪರಂಪರೆಗೆ ಸೇರಿದ್ದು. ರತ್ನಶಾಸ್ತ್ರಗಳು ಬಿರುಕು, ಚುಕ್ಕೆಗಳನ್ನು ಬೆಲೆಯನ್ನು ತಗ್ಗಿಸುವ ದೋಷವೆಂದಷ್ಟೇ ಹೇಳಿ ಬಿಡಲಿಲ್ಲ. ಧರಿಸಿದವನಿಗೆ ಕೇಡು ತರುವ ದೋಷವೆಂದೂ ಹೇಳಿದವು. ಆ ಭಯ ಇಂದಿಗೂ ಜೀವಂತವಾಗಿದೆ. ಉಂಗುರಕ್ಕೆ ಕಲ್ಲನ್ನು ಕೇಳುವವನು ‘ಒಂದು ಗೀರೂ ಇರಬಾರದು’ ಎನ್ನುತ್ತಾನೆ. ಸಹಜ ಮಾಣಿಕ್ಯದಲ್ಲಿ, ಅದರಲ್ಲಿಯೂ ಮಧ್ಯಮ ವರ್ಗದ ಕೈಗೆಟಕುವ ಬೆಲೆಯಲ್ಲಿ, ಅಂಥ ಸ್ವಚ್ಛತೆ ಅತಿ ದುರ್ಲಭ. ದುರ್ಲಭವಾದುದನ್ನು ಅಗ್ಗದಲ್ಲಿ ಕೇಳಿದಾಗ ಪೇಟೆ ಗೀರನ್ನು ಗಾಜಿನಿಂದ ಮುಚ್ಚಿ ಕೊಡುತ್ತದೆ. ಹೀಗೆ ಬಿರುಕಿನ ಭಯವೇ ಬಿರುಕು ತುಂಬುವ ಉದ್ಯಮಕ್ಕೆ ಗೊಬ್ಬರವಾಗಿದೆ. ಕರ್ಮಸಿದ್ಧಾಂತವನ್ನು ಒಪ್ಪಿದವನು ತನ್ನ ಶುಭಾಶುಭಗಳನ್ನು ಕಲ್ಲಿನ ಗೀರಿಗೆ ಒಪ್ಪಿಸುವುದೇ ವಿಚಿತ್ರ. ಅದಿರಲಿ, ಕಲ್ಲಿನ ಒಳಗಿನ ಸಣ್ಣ ಗುರುತುಗಳು ಎಷ್ಟೋ ವೇಳೆ ಅದರ ಸಹಜತೆಯ ಸಾಕ್ಷಿಗಳೆಂಬುದನ್ನಾದರೂ ಅರಿತರೆ ಅರ್ಧ ಮೋಸ ತಪ್ಪೀತು.

ಆಚಾರ್ಯರ ಎರಡು ಶಬ್ದಗಳು

ಹಾಗಾದರೆ ಯಾವ ಸಂಸ್ಕಾರ ಅತಿಚಾರವಾಗುತ್ತದೆ? ಉಮಾಸ್ವಾತಿ ಆಚಾರ್ಯರ ‘ತತ್ತ್ವಾರ್ಥಸೂತ್ರ’ದ ಶಬ್ದ ಪ್ರತಿರೂಪಕ ವ್ಯವಹಾರ. ಕರ್ಣಾಟಕದವರೇ ಆದ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಇದಕ್ಕೆ ಕೊಡುವ ಅರ್ಥದಲ್ಲಿ ಎರಡು ಅಂಗಗಳಿವೆ: ಕೃತಕವಾದ ಚಿನ್ನವೇ ಮೊದಲಾದ ವಸ್ತು, ಮತ್ತು ವಂಚನೆಯ ಉದ್ದೇಶ. ಸಮಂತಭದ್ರ ಆಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅದೇ ಸ್ಥಾನದಲ್ಲಿ ಸದೃಶಸನ್ಮಿಶ್ರವೆಂಬ ಶಬ್ದವನ್ನು ಇಟ್ಟಿದ್ದಾರೆ; ಎಂದರೆ ಹೋಲುವ ವಸ್ತುವನ್ನು ಬೆರೆಸುವುದು. ತುಪ್ಪಕ್ಕೆ ಎಣ್ಣೆ ಬೆರೆಸುವುದು ಇದಕ್ಕೆ ವಾಡಿಕೆಯ ದೃಷ್ಟಾಂತ.

ಈ ಎರಡು ಶಬ್ದಗಳು ಒಂದೇ ದೋಷದ ಎರಡು ಹೆಸರುಗಳೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ರತ್ನದ ವಿಷಯಕ್ಕೆ ಹಚ್ಚಿದಾಗ ಅವುಗಳ ಅಂತರ ಗೋಚರಿಸುತ್ತದೆ. ಕಾರ್ಖಾನೆಯ ಕಲ್ಲನ್ನು ಗಣಿಯದೆಂದು ಮಾರಿದರೆ ಅದು ಪ್ರತಿರೂಪಕ. ಇಡೀ ವಸ್ತುವೇ ಬೇರೆ. ಗಾಜು ತುಂಬಿದ ಮಾಣಿಕ್ಯವು ಸದೃಶಸನ್ಮಿಶ್ರ. ವಸ್ತುವಿನೊಳಗೆ ಅದನ್ನು ಹೋಲುವ ಬೇರೊಂದು ವಸ್ತು ಸೇರಿದೆ. ಕಾಸಿದ ನೀಲವು ಈ ಎರಡೂ ಅಲ್ಲ. ಅಲ್ಲಿ ಕೃತಕ ವಸ್ತುವೂ ಇಲ್ಲ, ಮಿಶ್ರಣವೂ ಇಲ್ಲ. ಆದರೆ ಕಾಸಿದ್ದನ್ನು ಕಾಸದ ಕಲ್ಲಿನ ಬೆಲೆಗೆ, ಮಾತನಾಡದೆ ಮಾರಿದರೆ ವಂಚನೆಯೆಂಬ ಅಂಗ ಬಂದು ಸೇರುತ್ತದೆ. ವ್ಯತಿರೇಕವಾಗಿ, ‘ಇದು ಗಾಜು ತುಂಬಿದ್ದು, ಇಷ್ಟೇ ಬೆಲೆ, ಹುಳಿ ತಾಗಿಸಬೇಡಿ’ ಎಂದು ಹೇಳಿ ಮಾರಿದ ಕಲ್ಲು ಅತಿಚಾರವಾಗದು. ಆದುದರಿಂದ ದೋಷವಿರುವುದು ಕುಲುಮೆಯಲ್ಲಲ್ಲ, ಗಲ್ಲಾಪೆಟ್ಟಿಗೆಯ ಮುಂದಿನ ಮೌನದಲ್ಲಿ. ಕೇಳಿದರೆ ಹೇಳುತ್ತೇನೆ ಎಂಬ ಸಮಾಧಾನ ಸಾಲದು. ಕೇಳಲು ತಿಳಿಯದವನಿಗೆ ಹೇಳುವುದೇ ವ್ರತದ ಪರೀಕ್ಷೆ.

‘ಎಲ್ಲವನ್ನೂ ಹೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ’ ಎಂಬುದು ವ್ಯಾಪಾರಿಗಳ ಆಕ್ಷೇಪ. ಇದು ಹುರುಳಿಲ್ಲದ ಮಾತಲ್ಲ. ಒಬ್ಬನು ಹೇಳಿ, ಹತ್ತು ಮಂದಿ ಹೇಳದಿದ್ದರೆ ಹೇಳಿದವನಿಗೇ ನಷ್ಟ. ಚಿಕ್ಕ ಪೇಟೆಯ ಅಂಗಡಿಯವನು ತಾನೇ ದೊಡ್ಡ ಊರಿನ ಸಗಟು ವ್ಯಾಪಾರಿಯಿಂದ ಬರಿಯ ಬಾಯಿಮಾತಿನ ಮೇಲೆ ಕಲ್ಲು ತಂದಿರುವುದೂ ಉಂಟು. ಆದರೆ ಇದಕ್ಕೆ ಪರಿಹಾರ ಮೌನವಲ್ಲ. ಸಗಟು ಬಿಲ್ಲಿನಲ್ಲಿಯೇ ಸಂಸ್ಕಾರವನ್ನು ಬರೆಯಿಸಿಕೊಂಡು ಅದನ್ನು ಗಿರಾಕಿಯ ಬಿಲ್ಲಿಗೆ ಇಳಿಸುವುದು ಮೊದಲ ಹೆಜ್ಜೆ. ಗೊತ್ತಿಲ್ಲದಿದ್ದರೆ ‘ಪರೀಕ್ಷಿಸಿಲ್ಲ’ ಎಂದು ಬರೆಯುವುದೂ ಸತ್ಯವೇ.

ಕಾಡಿನ ಹರಳು

ಈ ಪ್ರದೇಶದ ಮಟ್ಟಿಗೆ ಇನ್ನೊಂದು ವಿಷಯವನ್ನು ಬಿಡುವಂತಿಲ್ಲ. ಕೊಡಗಿನ ಗಡಿಗೆ ತಾಗಿರುವ ಸುಬ್ರಹ್ಮಣ್ಯ, ಕೂಜಿಮಲೆ, ಕಡಮಕಲ್ಲು ಸುತ್ತಿನ ಕಾಡುಗಳಲ್ಲಿ ಕೆಂಪು ಹರಳುಕಲ್ಲಿನ ಅಕ್ರಮ ಅಗೆತವು ವರ್ಷಗಳಿಂದ ಪತ್ರಿಕೆಗಳ ಸುದ್ದಿಯಾಗುತ್ತ ಬಂದಿದೆ. ಸುಳ್ಯ, ಕಡಬ ಕಡೆಯ ಓದುಗರಿಗೆ ಇದು ಅಪರಿಚಿತವಲ್ಲ. ‘ಇದು ಇಲ್ಲಿಯದೇ ಮಣ್ಣಿನ ಕಲ್ಲು, ಯಾವ ಟ್ರೀಟ್‌ಮೆಂಟೂ ಇಲ್ಲ’ ಎಂಬ ಮಾತಿನೊಡನೆ ಹರಳನ್ನು ತೋರಿಸಿದರೆ ಕೊಳ್ಳುವವನ ಮನಸ್ಸು ಕರಗುವುದು ಸಹಜ.

ಇಂಥ ಕೆಂಪು ಹರಳು ಗಾರ್ನೆಟ್ ಆಗಿರಬಹುದು, ಕೆಳದರ್ಜೆಯ ಕುರುಂದವೂ ಆಗಿರಬಹುದು. ಗಾರ್ನೆಟ್ಟಿಗೆ ಸಂಸ್ಕಾರ ಮಾಡುವುದು ಅಪರೂಪವೆಂಬುದು ನಿಜ. ಆದರೆ ಅದು ಮಾಣಿಕ್ಯವಲ್ಲ. ಮಾಣಿಕ್ಯದ ಕಾಠಿನ್ಯ ೯. ಗಾರ್ನೆಟ್ಟಿನದು ೭ರಿಂದ ೭.೫. ಮಾಣಿಕ್ಯದೊಳಗೆ ಬೆಳಕು ಇಬ್ಭಾಗವಾಗುವುದರಿಂದ ಪರೀಕ್ಷಕನ ಸಣ್ಣ ಉಪಕರಣದಲ್ಲಿ ಎರಡು ಛಾಯೆಗಳು ಕಾಣುತ್ತವೆ, ಗಾರ್ನೆಟ್ಟಿನಲ್ಲಿ ಒಂದೇ. ಅದಕ್ಕೂ ಮಿಗಿಲಾಗಿ, ಕಾಯ್ದಿಟ್ಟ ಅರಣ್ಯದಲ್ಲಿ ಅನುಮತಿಯಿಲ್ಲದೆ ಅಗೆದು ತೆಗೆದ ಕಲ್ಲು ೧೯೬೩ರ ಕರ್ನಾಟಕ ಅರಣ್ಯ ಅಧಿನಿಯಮಕ್ಕೂ ೧೯೫೭ರ ಗಣಿ ಮತ್ತು ಖನಿಜಗಳ ಅಧಿನಿಯಮಕ್ಕೂ ವಿರುದ್ಧವಾದದ್ದು. ಅದನ್ನು ಕೊಳ್ಳುವುದು ಕದ್ದ ವಸ್ತುವಿನ ಸ್ವೀಕಾರ ಮತ್ತು ರಾಜ್ಯದ ಕಟ್ಟಳೆಯ ಉಲ್ಲಂಘನೆ ಎಂಬ ಎರಡು ಅತಿಚಾರಗಳನ್ನು ಒಟ್ಟಿಗೇ ತಂದುಕೊಳ್ಳುತ್ತದೆ. ಬೇರು ಕಡಿದ ಗುಡ್ಡ, ಹೊಂಡದ ಮಣ್ಣು ತೊಳೆದುಬಂದ ಹೊಳೆ, ಅಲ್ಲಿ ಸತ್ತ ಜೀವರಾಶಿ – ಇವುಗಳ ಲೆಕ್ಕ ಬೇರೆ.

ಇಲ್ಲಿ ಒಂದು ವೈಚಿತ್ರ್ಯ ಎದ್ದು ಕಾಣುತ್ತದೆ. ಸಕ್ರಮವಾಗಿ ಆಮದಾಗಿ ಅಂಗಡಿಗೆ ಬಂದ ಮಾಣಿಕ್ಯದ ದ್ರವ್ಯದಲ್ಲಿ ಸಂಶಯ. ದ್ರವ್ಯದಲ್ಲಿ ಸಂಶಯವಿಲ್ಲದ ಕಾಡಿನ ಹರಳಿನ ಬರವಿನಲ್ಲಿ ಕಳಂಕ. ಶುದ್ಧಿಯೆಂಬುದು ಕಲ್ಲಿನ ಗುಣವಷ್ಟೇ ಅಲ್ಲ, ಕಲ್ಲು ಕೈಗೆ ಬಂದ ದಾರಿಯ ಗುಣವೂ ಹೌದು. ‘ಟ್ರೀಟ್‌ಮೆ೦ಟ್ ಇಲ್ಲ’ ಎಂಬ ಒಂದೇ ಪ್ರಶಂಸೆಯಿಂದ ಎರಡನೆಯ ಪ್ರಶ್ನೆ ಮುಚ್ಚಿಹೋಗಬಾರದು.

ಬಿಲ್ಲಿನಲ್ಲಿ ಏನಿರಬೇಕು

೨೦೨೧ರ ಜೂನ್ ೧೬ರಿಂದ ದೇಶದ ಜಿಲ್ಲೆಗಳಲ್ಲಿ ಹಂತಹಂತವಾಗಿ ಚಿನ್ನದ ಆಭರಣಕ್ಕೆ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. ಬಿ.ಐ.ಎಸ್. ಚಿಹ್ನೆ, ಶುದ್ಧತೆಯ ಅಂಕ, ಅಕ್ಷರ-ಅಂಕಿಗಳು ಸೇರಿದ ಆರು ಸ್ಥಾನಗಳ ಗುರುತು – ಇವು ಮೂರೂ ಚಿನ್ನದ ಬಗ್ಗೆ ಮಾತ್ರ ಹೇಳುತ್ತವೆ, ಕಲ್ಲಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಹಾಲ್‌ಮಾರ್ಕ್ ಇರುವ ಒಡವೆಯ ಕಲ್ಲೂ ಪರೀಕ್ಷಿತವೆಂದು ಭಾವಿಸುವುದು ಇಂದಿನ ಅತಿ ದೊಡ್ಡ ತಪ್ಪುತಿಳುವಳಿಕೆ.

ಬಿಲ್ಲಿನಲ್ಲಿ ಒಟ್ಟು ತೂಕ, ಕಲ್ಲಿನ ತೂಕ, ಚಿನ್ನದ ನಿವ್ವಳ ತೂಕ ಬೇರೆ ಬೇರೆಯಾಗಿರಬೇಕು. ಕಲ್ಲಿನ ತೂಕಕ್ಕೆ ಚಿನ್ನದ ದರ ಬಿದ್ದರೆ ಅದು ತೂಕದ ಅತಿಚಾರ. ಕಲ್ಲಿನ ಹೆಸರು, ಕ್ಯಾರೆಟ್ ತೂಕ (ಒಂದು ಕ್ಯಾರೆಟ್ಟೆಂದರೆ ೦.೨ ಗ್ರಾಂ), ಸಹಜವೋ ಕಾರ್ಖಾನೆಯದೋ ಎಂಬುದು, ಆಗಿರುವ ಸಂಸ್ಕಾರ – ಇವನ್ನು ಬರೆಯಿಸಬೇಕು. ‘ಬರ್ಮಾ’ ಎಂಬ ಹೆಸರಿಗೆ ಮರುಳಾಗಬೇಕಿಲ್ಲ. ೨೦೦೯ರಲ್ಲಿ ಆಫ್ರಿಕದ ಮೊಜಾಂಬಿಕಿನಲ್ಲಿ ದೊಡ್ಡ ನಿಕ್ಷೇಪ ದೊರೆತ ಮೇಲೆ ಒಳ್ಳೆಯ ಮಾಣಿಕ್ಯಗಳಲ್ಲಿ ಬಹುಪಾಲು ಅಲ್ಲಿಂದ ಬರುತ್ತಿವೆ.

ಬೆಲೆಬಾಳುವ ಕಲ್ಲಾದರೆ ಒಡವೆಯಲ್ಲಿ ಕೂರಿಸುವ ಮುನ್ನವೇ ಮಾರುವವನಿಗೆ ಸಂಬಂಧವಿಲ್ಲದ ಪರೀಕ್ಷಾಲಯದ ಪತ್ರವನ್ನು ಪಡೆಯುವುದು ಕ್ಷೇಮ. ಜೈಪುರದಲ್ಲಿ ೧೯೭೨ರಿಂದಲೇ ರತ್ನ ಪರೀಕ್ಷಾಲಯವಿದೆ; ಮುಂಬಯಿಯಲ್ಲಿಯೂ ಇವೆ. ಪತ್ರದಲ್ಲಿ ದೊಡ್ಡ ಅಕ್ಷರದ ‘ಸಹಜ’ ಎಂಬುದನ್ನು ಓದಿ ಮಡಚಿಡದೆ, ಕೆಳಗೆ ಸಣ್ಣಕ್ಷರದಲ್ಲಿರುವ ಷರಾ ಭಾಗವನ್ನು ಓದಬೇಕು. ಕಾಸಿದ್ದು, ತುಂಬಿದ್ದು ಎಲ್ಲವೂ ಅಲ್ಲಿಯೇ ಇರುತ್ತದೆ.

ಶೇಕಡಾ ೩ರ ತೆರಿಗೆ ಉಳಿಯುತ್ತದೆಂದು ಬಿಲ್ಲಿಲ್ಲದೆ ಕೊಳ್ಳುವವರಿಗೆ ಮುಂದೆ ಯಾವ ಆಧಾರವೂ ಇರುವುದಿಲ್ಲ. ೨೦೧೯ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಆದರೆ ಬಿಲ್ಲಿನಲ್ಲಿ ‘ಕೆಂಪುಕಲ್ಲು’ ಎಂದಷ್ಟೇ ಇದ್ದರೆ ಆಯೋಗವಾದರೂ ಏನು ಮಾಡೀತು?

ಬಸದಿಗಳ ಒಡವೆ

ಕುಟುಂಬದ ಒಡವೆಗಿಂತ ಬಸದಿಯ ಒಡವೆಗೆ ಹೆಚ್ಚಿನ ಎಚ್ಚರ ಬೇಕು. ಅದಕ್ಕೆ ಒಡೆಯನು ಒಬ್ಬನಲ್ಲ. ದಾನಿಗಳು ಭಕ್ತಿಯಿಂದ ಕಲ್ಲಿನ ಒಡವೆಯನ್ನು ಒಪ್ಪಿಸಿದಾಗ ಪರೀಕ್ಷೆಯ ಮಾತೆತ್ತುವುದು ಸಂಕೋಚವೆನಿಸುತ್ತದೆ. ಸಂಕೋಚದಿಂದ ‘ಮಾಣಿಕ್ಯದ ಪದಕ – ಒಂದು’ ಎಂದು ದಫ್ತರದಲ್ಲಿ ಬರೆಯಲಾಗುತ್ತದೆ. ಕೆಲವು ವರ್ಷಗಳ ಮೇಲೆ ಬೆಳಗಿಸಲು ಕೊಟ್ಟಾಗ ಆಮ್ಲ ತಾಗಿ ಕಲ್ಲು ಬಿಳಿಚಿಕೊಂಡರೆ ‘ಕಲ್ಲು ಬದಲಾಗಿದೆ’ ಎಂಬ ಗುಲ್ಲು ಏಳುತ್ತದೆ. ಪ್ರಾಮಾಣಿಕನಾದ ಮೊಕ್ತೇಸರನೋ ಅಕ್ಕಸಾಲಿಗನೋ ಅಪವಾದಕ್ಕೆ ಗುರಿಯಾಗುತ್ತಾನೆ. ಮೊದಲ ದಿನವೇ ಪರೀಕ್ಷಿಸಿ, ಗಾಜು ತುಂಬಿದ್ದಾದರೆ ಹಾಗೆಂದೇ ಬರೆದಿಟ್ಟಿದ್ದರೆ ದಾನದ ಪುಣ್ಯಕ್ಕೆ ಕುಂದಿಲ್ಲ, ಮೊಕ್ತೇಸರನ ಮರ್ಯಾದೆಗೂ ಕುಂದಿಲ್ಲ.

೨೦೧೩ರ ಜುಲೈ ತಿಂಗಳಲ್ಲಿ ಮೂಡುಬಿದಿರೆಯ ಸಿದ್ಧಾಂತ ಮಂದಿರದಿಂದ ಪ್ರಾಚೀನ ಜಿನಬಿಂಬಗಳು ಕಳವಾದ ಪ್ರಸಂಗವನ್ನು ಸಮಾಜ ಮರೆತಿಲ್ಲ. ಕಳವಾದ ವಸ್ತು ಮರಳಿದಾಗ ‘ಇದೇ ಅದು’ ಎಂದು ಸಾಧಿಸಲು ತೂಕ, ಅಳತೆ, ಛಾಯಾಚಿತ್ರ, ಕಲ್ಲಿನ ಒಳಗಿನ ಗುರುತುಗಳ ವರದಿ ಬೇಕು. ಚಿಕ್ಕ ಬಸದಿಗಳ ಟ್ರಸ್ಟುಗಳು ಕೂಡ ಪ್ರತಿಯೊಂದು ಕಲ್ಲೊಡವೆಗೂ ಇಂಥ ಒಂದು ಪುಟವನ್ನು ತೆರೆದಿಟ್ಟು, ಬೆಳಗಿಸಲು ಕೊಡುವ ಮೊದಲು ಅದನ್ನು ಅಕ್ಕಸಾಲಿಗನಿಗೆ ತೋರಿಸುವ ಕ್ರಮವನ್ನು ಇಟ್ಟುಕೊಳ್ಳುವುದು ಒಳಿತು.

ಠಕ್ಕುರ ಫೇರು ಏಳು ಶತಮಾನಗಳ ಹಿಂದೆ ತಾನು ಕಂಡುದನ್ನು ಬರೆದಿಟ್ಟನು. ಕಾಣದುದನ್ನು ಕಾಣಿಸುವ ಉಪಕರಣಗಳು ಈಗಿನವರ ಕೈಯಲ್ಲಿವೆ. ಬೇಕಾಗಿರುವುದು ಅವನಂತೆ ಬರೆದಿಡುವ ಅಭ್ಯಾಸ. ಮುಂದಿನ ಮದುವೆಯ ಹಂಗಾಮಿನಲ್ಲಿ ಪುತ್ತೂರಿನಲ್ಲಾಗಲಿ, ಸುಳ್ಯದಲ್ಲಾಗಲಿ, ಕಡಬದಲ್ಲಾಗಲಿ ಅಂಗಡಿ ಹೊಗುವ ಶ್ರಾವಕರು ‘ಒರಿಜಿನಲ್ಲೇ?’ ಎಂಬ ಪ್ರಶ್ನೆಯನ್ನು ಬಿಟ್ಟು, ‘ಈ ಕಲ್ಲಿಗೆ ಏನೇನು ಮಾಡಿದ್ದಾರೆ, ಎಲ್ಲಿಂದ ಬಂತು, ಬಿಲ್ಲಿನಲ್ಲಿ ಬರೆದುಕೊಡುವಿರಾ?’ ಎಂದು ಕೇಳಲಿ. ಅಂಗಡಿಯ ಒಳಗೆ ಕುಳಿತ ಶ್ರಾವಕರು ಕೇಳುವ ಮೊದಲೇ ಬರೆದುಕೊಡಲಿ.